ಎರಡನೇ ಭಾಗದ ಟ್ರೇಲರ್: ಅಭಿಮಾನಿಗಳ ಮೊದಲ ಮಾತನ್ನು ಅರ್ಥ ಮಾಡಿಕೊಳ್ಳುವುದು ಹೇಗೆ?

ಜನ ಮೆಚ್ಚಿದ ಚಿತ್ರವೊಂದರ ಮುಂದುವರಿದ ಭಾಗದ ಟ್ರೇಲರ್ ಹೊರಬಂದ ಅರ್ಧ ಗಂಟೆಯೊಳಗೆ ಅದರ ಬಗ್ಗೆ ಸಾವಿರಾರು ಮಂದಿ ತೀರ್ಪು ಕೊಟ್ಟಾಗಿರುತ್ತದೆ. ‘ಮೊದಲನೆಯದಕ್ಕಿಂತ ಜೋರಾಗಿದೆ’ ಎನ್ನುವವರು, ‘ಆ ಹಳೆಯ ಗತ್ತು ಇದರಲ್ಲಿಲ್ಲ’ ಎಂದು ಮುಖ ಸಣ್ಣ ಮಾಡುವವರು, ‘ಕಥೆಯನ್ನೆಲ್ಲ ಇಲ್ಲೇ ಹೇಳಿಬಿಟ್ಟರಲ್ಲ’ ಎಂದು ಬೇಸರಪಡುವವರು ಮಡಿಕೇರಿಯ ಬಸ್ ನಿಲ್ದಾಣದಲ್ಲೂ ಸಿಗುತ್ತಾರೆ, ಸೋಮವಾರಪೇಟೆಯ ಕಾಲೇಜು ಹುಡುಗರ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಸಿಗುತ್ತಾರೆ. ದೂರದಿಂದ ನೋಡುವವರಿಗೆ ಇವೆಲ್ಲ ಬರಲಿರುವ ಚಿತ್ರದ ವಿಮರ್ಶೆಯಂತೆ ಕೇಳಿಸುತ್ತವೆ. ಆದರೆ ಎರಡೂವರೆ ನಿಮಿಷದ ತುಣುಕನ್ನು ನೋಡಿ ಎರಡೂವರೆ ಗಂಟೆಯ ಚಿತ್ರವನ್ನು ಅಳೆಯಲು ಆಗದೆಂಬುದು ಆ ಮಾತನ್ನಾಡುವ ಅಭಿಮಾನಿಗೂ ಚೆನ್ನಾಗಿ ಗೊತ್ತಿರುತ್ತದೆ. ಹಾಗಿದ್ದರೂ ಅವರು ಅಷ್ಟು ಖಚಿತವಾಗಿ ಮಾತನಾಡಲು ಕಾರಣವೊಂದಿದೆ. ಅವರು ಅಳೆಯುತ್ತಿರುವುದು ಹೊಸ ಚಿತ್ರವನ್ನಲ್ಲ, ಮೊದಲ ಭಾಗ ತಮ್ಮೊಳಗೆ ಉಳಿಸಿಹೋದ ನೆನಪಿಗೆ ಈ ತುಣುಕು ಹೊಂದುತ್ತದೆಯೇ ಎಂಬುದನ್ನು. ಈ ಒಂದು ಸಂಗತಿಯನ್ನು ಹಿಡಿದುಕೊಂಡರೆ ಟ್ರೇಲರ್ ದಿನದ ಸಂಭ್ರಮ, ಸಿಟ್ಟು, ಊಹಾಪೋಹ ಎಲ್ಲವೂ ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತವೆ.

ಮೊದಲು ಟ್ರೇಲರ್ ಹೇಗೆ ತಯಾರಾಗುತ್ತದೆಂಬುದನ್ನು ನೋಡಬೇಕು. ಚಿತ್ರದ ಸಂಕಲನಕಾರರೇ ಅದನ್ನು ಕತ್ತರಿಸಬೇಕೆಂದೇನೂ ಇಲ್ಲ. ದೊಡ್ಡ ಚಿತ್ರಗಳಿಗೆ ಈ ಕೆಲಸಕ್ಕೆಂದೇ ಪಳಗಿದ ಬೇರೆ ತಂಡಗಳಿರುತ್ತವೆ. ಅವರ ಕೈಗೆ ಬರುವುದು ಅನೇಕ ಸಲ ಇನ್ನೂ ಮುಗಿಯದ ಚಿತ್ರ: ಕಂಪ್ಯೂಟರ್ ಗ್ರಾಫಿಕ್ಸ್ ಅರ್ಧಕ್ಕೆ ನಿಂತಿರುತ್ತದೆ, ಹಿನ್ನೆಲೆ ಸಂಗೀತದ ಕೊನೆಯ ಮಿಶ್ರಣ ಆಗಿರುವುದಿಲ್ಲ, ಕೆಲವು ದೃಶ್ಯಗಳು ಅಂತಿಮ ಚಿತ್ರದಲ್ಲಿ ಉಳಿಯುತ್ತವೆಯೋ ಇಲ್ಲವೋ ಎಂಬುದೂ ತೀರ್ಮಾನವಾಗಿರುವುದಿಲ್ಲ. ಅದರಿಂದ ಆರಿಸಿದ ಚೂರುಗಳನ್ನು ಕಥೆಯ ಕ್ರಮದಲ್ಲಿ ಜೋಡಿಸುವುದಿಲ್ಲ. ಒಂದು ದೃಶ್ಯದ ಮಾತನ್ನು ಇನ್ನೊಂದು ದೃಶ್ಯದ ಮೇಲೆ ಕೂರಿಸುತ್ತಾರೆ, ಇಬ್ಬರು ಬೇರೆ ಬೇರೆ ಕಡೆ ನಿಂತು ನೋಡಿದ ನೋಟಗಳನ್ನು ಒಂದರ ಹಿಂದೊಂದು ಇಟ್ಟು ಅವರು ಪರಸ್ಪರ ಎದುರಾದಂತೆ ತೋರಿಸುತ್ತಾರೆ. ಕೆಲವೊಮ್ಮೆ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2018ರ ‘ಅವೆಂಜರ್ಸ್: ಇನ್ಫಿನಿಟಿ ವಾರ್’ ಟ್ರೇಲರಿನಲ್ಲಿ ಹಸಿರು ದೈತ್ಯ ಹಲ್ಕ್ ಉಳಿದವರೊಂದಿಗೆ ರಣರಂಗದಲ್ಲಿ ಓಡುವ ದೃಶ್ಯವಿತ್ತು, ಚಿತ್ರದಲ್ಲಿ ಆ ಯುದ್ಧಕ್ಕೆ ಹಲ್ಕ್ ಬರುವುದೇ ಇಲ್ಲ. 2021ರ ಸ್ಪೈಡರ್‌ಮ್ಯಾನ್ ಚಿತ್ರದ ಟ್ರೇಲರಿನಲ್ಲಿ, ಹಳೆಯ ಇಬ್ಬರು ಸ್ಪೈಡರ್‌ಮ್ಯಾನ್‌ಗಳು ಮರಳಿ ಬರುವ ಗುಟ್ಟನ್ನು ಕಾಯಲು ಅವರನ್ನು ದೃಶ್ಯಗಳಿಂದ ಅಳಿಸಿದ್ದರು. ಆದರೆ ಬ್ರೆಜಿಲ್‌ನಲ್ಲಿ ಬಿಟ್ಟ ಆವೃತ್ತಿಯಲ್ಲಿ ಹಲ್ಲಿರೂಪದ ಖಳನಾಯಕ ಯಾರೂ ಹೊಡೆಯದೆಯೇ ಏಟು ತಿಂದು ತಲೆ ಹೊರಳಿಸುವುದನ್ನು ಅಭಿಮಾನಿಗಳು ಹಿಡಿದರು. ಅವರ ಲೆಕ್ಕ ಸರಿಯಾಗಿಯೂ ಇತ್ತು.

ಆದ್ದರಿಂದ ‘ಟ್ರೇಲರಿನಲ್ಲಿ ಕಂಡದ್ದು ಚಿತ್ರದಲ್ಲಿದೆ’ ಎಂದು ನಂಬುವುದು ಎಷ್ಟು ತಪ್ಪೋ, ‘ಟ್ರೇಲರಿನಲ್ಲಿ ಇಲ್ಲದ್ದು ಚಿತ್ರದಲ್ಲೂ ಇಲ್ಲ’ ಎಂದು ಕೊರಗುವುದೂ ಅಷ್ಟೇ ತಪ್ಪು.

ಹೊಸ ಕಥೆಯ ಟ್ರೇಲರಿಗೂ ಎರಡನೇ ಭಾಗದ ಟ್ರೇಲರಿಗೂ ನಡುವೆ ಇರುವ ವ್ಯತ್ಯಾಸ ಇಲ್ಲಿಂದ ಶುರುವಾಗುತ್ತದೆ. ಹೊಸ ಕಥೆಯ ಬಗ್ಗೆ ನೋಡುಗನಿಗೆ ಏನೂ ಗೊತ್ತಿರುವುದಿಲ್ಲ. ಟ್ರೇಲರ್ ಅವನಿಗೆ ಪರಿಚಯ ಹೇಳುತ್ತದೆ, ಇಷ್ಟವಾದರೆ ಇಟ್ಟುಕೊಳ್ಳುತ್ತಾನೆ, ಇಲ್ಲವಾದರೆ ಮರೆಯುತ್ತಾನೆ. ಎರಡನೇ ಭಾಗಕ್ಕೆ ಬರುವವನ ಮನಸ್ಸಿನಲ್ಲಿ ಆಗಲೇ ಅರ್ಧ ಚಿತ್ರ ತುಂಬಿರುತ್ತದೆ. ಕುತೂಹಲ ಹುಟ್ಟುವುದು ಏನೂ ಗೊತ್ತಿಲ್ಲದಾಗ ಅಲ್ಲ, ಸ್ವಲ್ಪ ಗೊತ್ತಿದ್ದು ಮುಖ್ಯವಾದದ್ದೊಂದು ಗೊತ್ತಿಲ್ಲದಾಗ ಎಂಬ ವಿವರಣೆಯನ್ನು ಅಮೆರಿಕದ ಚಿಂತಕ ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ಮಂಡಿಸಿದರು. ತಿಳಿದದ್ದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವಿನ ಬಿರುಕು ಕಣ್ಣಿಗೆ ಬಿದ್ದಾಗ ಅದನ್ನು ತುಂಬುವವರೆಗೆ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. 2015ರ ಜುಲೈನಲ್ಲಿ ‘ಬಾಹುಬಲಿ’ಯ ಮೊದಲ ಭಾಗ ಒಂದು ಕೊಲೆಯನ್ನು ತೋರಿಸಿ, ಕಾರಣವನ್ನು ಹೇಳದೆ ಮುಗಿಯಿತು, 2017ರ ಏಪ್ರಿಲ್ 28ರಂದು ಎರಡನೇ ಭಾಗ ಬರುವವರೆಗೆ ‘ಕಟ್ಟಪ್ಪ ಯಾಕೆ ಕೊಂದ’ ಎಂಬ ಪ್ರಶ್ನೆ ದೇಶದ ಮಕ್ಕಳ ಬಾಯಲ್ಲೂ ಇತ್ತು. 2017ರ ಮಾರ್ಚ್‌ನಲ್ಲಿ ಬಂದ ಟ್ರೇಲರನ್ನು ಜನ ಮತ್ತೆ ಮತ್ತೆ ನೋಡಿದ್ದು ಅದರ ವೈಭವಕ್ಕಾಗಿ ಎಷ್ಟೋ, ಆ ಉತ್ತರದ ಸುಳಿವು ಎಲ್ಲಾದರೂ ಸಿಕ್ಕೀತೇ ಎಂಬ ಹುಡುಕಾಟಕ್ಕಾಗಿಯೂ ಅಷ್ಟೇ.

ಆದರೆ ಕುತೂಹಲಕ್ಕಿಂತ ಆಳವಾದದ್ದು ನೆನಪು. ‘ಕೆಜಿಎಫ್’ ಚಿತ್ರದ ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂದಾಗ ಕಥೆಯನ್ನು ನಮಗೆ ಹೇಳಿದವರು ಅನಂತ್ ನಾಗ್. ಪತ್ರಕರ್ತನ ಪಾತ್ರದಲ್ಲಿ ಕುಳಿತು, ಅವಸರವಿಲ್ಲದೆ, ಪುರಾಣ ಹೇಳುವವರ ಹಾಗೆ ಅವರು ಹೇಳುತ್ತಾ ಹೋದ ದನಿಯೇ ಆ ಲೋಕವನ್ನು ನಂಬುವಂತೆ ಮಾಡಿತ್ತು. ಎರಡನೇ ಭಾಗದಲ್ಲಿ ಅವರ ಜಾಗಕ್ಕೆ ಪ್ರಕಾಶ್ ರಾಜ್ ಬಂದರು. ಪ್ರಕಾಶ್ ರಾಜ್ ಅವರ ದನಿಯ ಶಕ್ತಿಯ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೂ ‘ಅನಂತ್ ನಾಗ್ ಇರಬೇಕಿತ್ತು’ ಎಂಬ ಮಾತು ಕನ್ನಡಿಗರಿಂದ ಎದ್ದಿತು, ಟ್ರೇಲರ್ ಬಂದಾಗಲೂ ಅದು ನಿಲ್ಲಲಿಲ್ಲ. ನಾನು ಆ ಮಾತನ್ನು ಹಟವೆಂದು ತಳ್ಳಿಹಾಕಲಾರೆ. ಅಭಿಮಾನಿಯ ಕಿವಿ ಆ ಹೊತ್ತಿನಲ್ಲಿ ಹೊಸ ದನಿಯ ಗುಣವನ್ನು ಪರೀಕ್ಷಿಸುತ್ತಿರಲಿಲ್ಲ. ತಾನು ಮೂರು ವರ್ಷಕ್ಕೂ ಹೆಚ್ಚು ಕಾಲ ಜೋಪಾನ ಮಾಡಿಟ್ಟ ಲೋಕದ ಬಾಗಿಲು ಅದೇ ಸದ್ದಿನೊಂದಿಗೆ ತೆರೆದುಕೊಳ್ಳುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಿತ್ತು.

ಇದೇ ಅನಂತ್ ನಾಗ್ ಕೊಡಗಿನವರಿಗೆ ಇನ್ನೊಂದು ಕಾರಣಕ್ಕೂ ಹತ್ತಿರದವರು. 2006ರ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ ಮಡಿಕೇರಿಯಲ್ಲಿ ನಡೆಯುವ ಕಥೆ. ಅದರಲ್ಲಿ ಅವರು ಕರ್ನಲ್ ಸುಬ್ಬಯ್ಯ. ನಮ್ಮ ಮಳೆಯನ್ನು ನಾಡಿಗೆಲ್ಲ ಪ್ರೇಮದ ಮಳೆಯಾಗಿ ಪರಿಚಯಿಸಿದ ಚಿತ್ರವದು. ಹತ್ತು ವರ್ಷಗಳ ನಂತರ, 2016ರಲ್ಲಿ, ಅದರ ಹೆಸರಿಗೆ ಎರಡರ ಅಂಕಿ ಸೇರಿಸಿ ಇನ್ನೊಂದು ಚಿತ್ರ ಬಂತು. ನಾಯಕ ನಟ ಗಣೇಶ್ ಅವರೇ, ಹೆಸರಿನ ಮಳೆಯೂ ಅದೇ. ಆದರೆ ಯೋಗರಾಜ್ ಭಟ್ ಅವರ ಬದಲು ಶಶಾಂಕ್ ನಿರ್ದೇಶಿಸಿದ್ದರು, ಮನೋಮೂರ್ತಿ ಅವರ ಬದಲು ಅರ್ಜುನ್ ಜನ್ಯ ಸಂಗೀತ ಕೊಟ್ಟಿದ್ದರು, ಕಥೆಯೂ ಬೇರೆ. ಕಥೆಯ ಎಳೆಯೇ ಮುಂದುವರಿಯದೆ ಹೆಸರು ಮತ್ತು ಭಾವ ಮಾತ್ರ ಮುಂದುವರಿಯುವ ಇಂಥ ಚಿತ್ರಗಳ ಟ್ರೇಲರಿಗೆ ಎಲ್ಲಕ್ಕಿಂತ ಕಷ್ಟದ ಪರೀಕ್ಷೆ. ಉತ್ತರ ಕಾಯುತ್ತಿರುವ ಪ್ರಶ್ನೆ ಅಲ್ಲಿ ಯಾವುದೂ ಇರುವುದಿಲ್ಲ. ಇರುವುದು ಹಳೆಯ ನೆನಪೊಂದೇ, ಮತ್ತು ನೆನಪಿನ ಎದುರು ಎರಡು ನಿಮಿಷದ ತುಣುಕು ಗೆಲ್ಲುವುದು ಅಪರೂಪ.

ಇನ್ನು ಜನ ಟ್ರೇಲರನ್ನು ನಿಜವಾಗಿ ಹೇಗೆ ನೋಡುತ್ತಾರೆಂಬುದನ್ನು ಹತ್ತಿರದಿಂದ ಗಮನಿಸಬೇಕು. ಗೋಣಿಕೊಪ್ಪದ ಬೇಕರಿಯೊಂದರ ಮುಂದೆ ಒಂದು ಸಂಜೆ ಕಂಡ ನೋಟ ಇದಕ್ಕೆ ಸಾಕ್ಷಿಯಾದೀತು. ಚಿತ್ರ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಗಾಜಿನ ಕಪಾಟಿನ ಮೇಲಿದ್ದ ರಸ್ಕ್ ಡಬ್ಬಿಗೆ ಫೋನನ್ನು ಒರಗಿಸಿ ನಾಲ್ಕೈದು ಹುಡುಗರು ಬಗ್ಗಿ ನೋಡುತ್ತಿದ್ದರು. ಮೊದಲ ಸಲ ಪೂರ್ತಿ ನೋಡಿದರು, ಯಾರೂ ಮಾತನಾಡಲಿಲ್ಲ. ಎರಡನೇ ಸಲ ಅರ್ಧಕ್ಕೇ ಒಬ್ಬ, ‘ಅಣ್ಣ, ಸ್ವಲ್ಪ ಹಿಂದೆ ತಗೊಳ್ಳಿ, ಆ ಕೈ ತೋರ್ಸಿ’ ಎಂದ. ಫೋನಿನ ಒಡೆಯ ಹೆಬ್ಬೆರಳಿನಿಂದ ಗೆರೆಯನ್ನು ಹಿಂದಕ್ಕೆ ಎಳೆದು, ನಿಲ್ಲಿಸಿ, ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿದ. ಮಂಜುಮಂಜಾದ ಆ ಚೌಕದಲ್ಲಿ ಒಂದು ಮಣಿಕಟ್ಟು, ಅದರಲ್ಲೊಂದು ಕಡಗ. ಮೊದಲ ಭಾಗದಲ್ಲಿ ಸತ್ತವನ ಕೈಯಲ್ಲಿದ್ದ ಕಡಗವೇ ಇದು ಎಂದು ಒಬ್ಬನ ವಾದ. ಅದು ತಮ್ಮನ ಕೈಗೆ ಬಂದಿರಬಹುದಲ್ಲ ಎಂದು ಇನ್ನೊಬ್ಬನ ವಾದ. ಚಹಾ ಆರಿಹೋಗುವವರೆಗೂ ಚರ್ಚೆ ನಡೆಯಿತು. ಟ್ರೇಲರ್ ಚೆನ್ನಾಗಿದೆಯೇ ಎಂಬ ಪ್ರಶ್ನೆಯನ್ನು ಅವರಲ್ಲಿ ಯಾರೂ ಎತ್ತಲೇ ಇಲ್ಲ.

ಆ ಹುಡುಗರು ಮಾಡುತ್ತಿದ್ದದ್ದು ಓದಿನ ಕೆಲಸ. ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ, ಮೊದಲ ಭಾಗದ ವಿವರದೊಂದಿಗೆ ತಾಳೆ ನೋಡಿ, ಬಿಟ್ಟುಹೋದ ಕೊಂಡಿಯನ್ನು ತಾವೇ ಬೆಸೆಯುವ ಈ ಕೆಲಸದಲ್ಲಿ ಅಭಿಮಾನಿಗೆ ಸಿಗುವ ಸಂತೋಷ ದೊಡ್ಡದು. ನಿರ್ಮಾಪಕರಿಗೂ ಅದು ಗೊತ್ತು. ಹಾಗೆಂದೇ ಕಡಗದಂಥ ವಸ್ತುಗಳನ್ನು ಅರೆಕ್ಷಣ ಮಾತ್ರ ಕಾಣುವಂತೆ ಇಡುತ್ತಾರೆ. ಕಥೆಯನ್ನೆಲ್ಲ ಹೇಳಿಬಿಟ್ಟರೆಂಬ ದೂರು ಬರುವುದೂ ಇದೇ ಮೂಲದಿಂದ. ಕಥೆ ಮೊದಲೇ ತಿಳಿದರೆ ರಸ ಕೆಡುತ್ತದೆಂಬ ನಂಬಿಕೆ ಗಟ್ಟಿಯಾಗಿದೆಯಾದರೂ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕೇಂದ್ರದ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಣ್ಣಕಥೆಯ ಅಂತ್ಯವನ್ನು ಮೊದಲೇ ತಿಳಿದು ಓದಿದವರು ತಿಳಿಯದೆ ಓದಿದವರಿಗಿಂತ ಹೆಚ್ಚು ಮೆಚ್ಚಿಕೊಂಡಿದ್ದರು. ಸಿನಿಮಾಕ್ಕೆ ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೆ ಟ್ರೇಲರ್ ಕಥೆ ಬಿಟ್ಟುಕೊಟ್ಟಿತೆಂದು ಸಿಟ್ಟಾದವನ ನೋವು ಕಥೆ ಗೊತ್ತಾದದ್ದಕ್ಕಿಂತ, ತಾನೇ ಬಿಡಿಸಬೇಕೆಂದಿದ್ದ ಒಗಟನ್ನು ಬೇರೆಯವರು ಬಿಡಿಸಿಬಿಟ್ಟರೆಂಬುದು ಇರಬೇಕೆಂದು ನನಗೆ ತೋರುತ್ತದೆ.

ಕೊಡಗಿನಲ್ಲಿ ಕುಳಿತು ಈ ಪ್ರತಿಕ್ರಿಯೆಗಳನ್ನು ಕೇಳುವವರಿಗೆ ಇನ್ನೊಂದು ವಿಶೇಷ ಕಾಣುತ್ತದೆ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳಂ, ತುಳು, ತಮಿಳು, ಯರವರ ಮತ್ತು ಕುರುಬರ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಸುವ ಈ ಜಿಲ್ಲೆಯಲ್ಲಿ, ಒಂದೇ ಟ್ರೇಲರನ್ನು ಎರಡು ಮೂರು ಭಾಷೆಗಳಲ್ಲಿ ನೋಡಿ ಹೋಲಿಸುವವರು ಸಾಕಷ್ಟಿದ್ದಾರೆ. ಮಾಕುಟ್ಟ ದಾಟಿದರೆ ಕೇರಳ. ವಿರಾಜಪೇಟೆ ಕಡೆಯ ಎಷ್ಟೋ ಮನೆಗಳಲ್ಲಿ ಮಲಯಾಳಂ ಚಿತ್ರಕ್ಕೆ ಅಡಿಬರಹ ಬೇಕಾಗುವುದಿಲ್ಲ. ಇದರ ಪರಿಣಾಮ ‘ದೃಶ್ಯ’ ಚಿತ್ರದ ಎರಡನೇ ಭಾಗದ ವಿಚಾರದಲ್ಲಿ ಚೆನ್ನಾಗಿ ತಿಳಿಯಿತು. ಮಲಯಾಳಂನ ಮೂಲ ಚಿತ್ರ 2013ರಲ್ಲಿ ಬಂತು, ಪಿ. ವಾಸು ನಿರ್ದೇಶನದಲ್ಲಿ ರವಿಚಂದ್ರನ್ ನಟಿಸಿದ ಕನ್ನಡ ಚಿತ್ರ 2014ರಲ್ಲಿ ಬಂತು, ಅದರ ನಾಯಕನಿಗೆ ರಾಜೇಂದ್ರ ಪೊನ್ನಪ್ಪ ಎಂದು ನಮ್ಮ ಕಡೆಯ ಹೆಸರನ್ನೇ ಇಟ್ಟಿದ್ದರು. ಮಲಯಾಳಂನ ಎರಡನೇ ಭಾಗ 2021ರ ಫೆಬ್ರುವರಿಯಲ್ಲಿ ನೇರವಾಗಿ ಒಟಿಟಿಯಲ್ಲಿ ಬಿಡುಗಡೆಯಾಯಿತು; ಕನ್ನಡದ ಎರಡನೇ ಭಾಗ ಚಿತ್ರಮಂದಿರಕ್ಕೆ ಬಂದದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಹತ್ತು ತಿಂಗಳ ಈ ಅಂತರದಲ್ಲಿ ಗಡಿಯಂಚಿನ ನೋಡುಗರಲ್ಲಿ ಅನೇಕರಿಗೆ ಕಥೆಯ ಕೊನೆಯ ಗಂಟು ತಿಳಿದುಹೋಗಿತ್ತು. ಹಾಗಾಗಿ ಕನ್ನಡದ ಟ್ರೇಲರ್ ನೋಡುವಾಗ ತುಮಕೂರಿನ ಅಭಿಮಾನಿ ‘ಮುಂದೇನಾಗುತ್ತದೆ’ ಎಂದು ಕೇಳಿದರೆ, ವಿರಾಜಪೇಟೆಯ ಅಭಿಮಾನಿ ‘ಅದನ್ನು ಇವರು ಹೇಗೆ ಮಾಡಿದ್ದಾರೆ’ ಎಂದು ಕೇಳುತ್ತಾನೆ. ಇಬ್ಬರ ಮಾತನ್ನೂ ಒಂದೇ ಬುಟ್ಟಿಗೆ ಹಾಕಿ ‘ಅಭಿಮಾನಿಗಳ ಅಭಿಪ್ರಾಯ’ ಎಂದು ಕರೆದರೆ ಏನೂ ಅರ್ಥವಾಗುವುದಿಲ್ಲ.

‘ಕಾಂತಾರ’ದ ವಿಷಯದಲ್ಲಿ ಈ ಸ್ಥಳೀಯ ಕಣ್ಣು ಇನ್ನಷ್ಟು ಮುಖ್ಯವಾಗುತ್ತದೆ. 2022ರ ಸೆಪ್ಟೆಂಬರ್ 30ರಂದು ಬಂದ ಚಿತ್ರದ ನಂತರ ರಿಷಬ್ ಶೆಟ್ಟಿ ಕಥೆಯನ್ನು ಮುಂದಕ್ಕೆ ಒಯ್ಯದೆ ಕದಂಬರ ಕಾಲಕ್ಕೆ ಹಿಂದಕ್ಕೆ ಒಯ್ದರು. ಎರಡನೆಯದಾಗಿ ಬಂದ ಚಿತ್ರಕ್ಕೆ ‘ಅಧ್ಯಾಯ 1’ ಎಂಬ ಹೆಸರು. ಅದರ ಟ್ರೇಲರ್ ಬಂದದ್ದು 2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ. ಚಿತ್ರ ಬಂದದ್ದು ಅಕ್ಟೋಬರ್ 2ರ ವಿಜಯದಶಮಿಯಂದು, ಮಡಿಕೇರಿ ದಸರಾದ ದಶಮಂಟಪಗಳು ಹೊರಡುವ ದಿನ. ಹಿಂದಿನ ಕಾಲದ ಕಥೆಯ ಟ್ರೇಲರನ್ನು ನೋಡುವ ಬಗೆಯೇ ಬೇರೆ: ಕೊನೆಗೆ ಎಲ್ಲಿಗೆ ತಲುಪಬೇಕೆಂಬುದು ನೋಡುಗನಿಗೆ ಗೊತ್ತಿರುವುದರಿಂದ ಅವನು ಬೇರನ್ನು ಹುಡುಕುತ್ತಾನೆ. ಅಲ್ಲದೆ ‘ಕಾಂತಾರ’ ದೈವಾರಾಧನೆಯ ಕಥೆ, ಕೊಡಗಿನ ಹಳ್ಳಿಗಳಲ್ಲೂ ತೆರೆ ಕಟ್ಟುವ, ಅಂದರೆ ದೈವದ ವೇಷ ತೊಟ್ಟು ಕುಣಿಯುವ, ಕುಲಿಯ ಪಂಜುರ್ಲಿ ದೈವಗಳಿಗೆ ನಡೆದುಕೊಳ್ಳುವ ಕುಟುಂಬಗಳಿವೆ. ಅಂಥ ಮನೆಯ ಹಿರಿಯರು ಟ್ರೇಲರ್ ನೋಡುವಾಗ ಸಾಹಸ ದೃಶ್ಯವನ್ನು ದಾಟಿಸಿಬಿಟ್ಟು, ದೈವದ ಬೆನ್ನಿಗೆ ಕಟ್ಟುವ ಅಣಿ ಸರಿಯಿದೆಯೇ, ಮುಖವರ್ಣಿಕೆ ಸರಿಯಿದೆಯೇ, ದೈವದ ಕೂಗನ್ನು ಮನರಂಜನೆಗೆ ಬಳಸಿದ್ದಾರೆಯೇ ಎಂದು ನೋಡುತ್ತಾರೆ. ಅವರ ಆತಂಕವನ್ನು ಹಿಂದುಳಿದ ಮನಸ್ಸೆಂದು ಕರೆಯುವುದು ಅನ್ಯಾಯ. ಟ್ರೇಲರಿಗೆ ಬಂದ ಸಾವಿರಾರು ಮಾತುಗಳಲ್ಲಿ ವಿಷಯದ ಒಳಗಿನಿಂದ ಬಂದ ಮಾತು ಇದ್ದರೆ ಅದು ಇದೇ.

ಟ್ರೇಲರ್ ಸಂಭ್ರಮದ ಜೊತೆಗೇ ಹುಸಿಯೂ ಹರಡುತ್ತದೆಂಬುದಕ್ಕೂ ಇದೇ ಚಿತ್ರ ಉದಾಹರಣೆ. ಚಿತ್ರ ನೋಡಲು ಬರುವವರು ಮದ್ಯ, ಮಾಂಸ, ಧೂಮಪಾನ ಬಿಡಬೇಕೆಂಬ ಒಂದು ಪೋಸ್ಟರ್ ಆ ದಿನಗಳಲ್ಲಿ ಫೋನಿನಿಂದ ಫೋನಿಗೆ ಹಾರಿತು. ಟ್ರೇಲರ್ ಬಿಡುಗಡೆಯ ಸಂದರ್ಭದಲ್ಲೇ ರಿಷಬ್ ಶೆಟ್ಟಿ ಅದು ನಕಲಿ, ಚಿತ್ರತಂಡಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಸ್ಪಷ್ಟಪಡಿಸಬೇಕಾಯಿತು. ಅಷ್ಟರಲ್ಲಿ ಅದನ್ನು ನಿಜವೆಂದು ನಂಬಿ ಸಿಟ್ಟಾದವರೂ, ನಿಜವೆಂದು ನಂಬಿ ಕೈಮುಗಿದವರೂ ಆಗಿಹೋಗಿದ್ದರು.

ಈಗ ಅಂಕಿಗಳ ವಿಚಾರಕ್ಕೆ ಬರೋಣ, ಏಕೆಂದರೆ ಟ್ರೇಲರ್ ಬಂದ ಮರುದಿನದ ಸುದ್ದಿಯೆಲ್ಲ ಅಂಕಿಗಳದ್ದೇ. ‘ಕೆಜಿಎಫ್’ ಎರಡನೇ ಅಧ್ಯಾಯದ ಟ್ರೇಲರ್ 2022ರ ಮಾರ್ಚ್ 27ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದಾಗ, 24 ಗಂಟೆಗಳಲ್ಲಿ ಐದು ಭಾಷೆಗಳು ಸೇರಿ 10.9 ಕೋಟಿ ವೀಕ್ಷಣೆಯಾಯಿತೆಂದು ನಿರ್ಮಾಣ ಸಂಸ್ಥೆ ಪ್ರಕಟಿಸಿತು. ಅದರಲ್ಲಿ ಹಿಂದಿಯ ಪಾಲು 5.1 ಕೋಟಿ, ತೆಲುಗಿನದು 2 ಕೋಟಿ, ಕನ್ನಡದ್ದು 1.8 ಕೋಟಿ, ತಮಿಳಿನದು 1.2 ಕೋಟಿ, ಮಲಯಾಳಂನದು 80 ಲಕ್ಷ. ಕನ್ನಡದ ಚಿತ್ರವೊಂದಕ್ಕೆ ಇದು ಹೆಮ್ಮೆಯ ಅಂಕಿ, ಅದರಲ್ಲಿ ಸಂಶಯವಿಲ್ಲ. ಆದರೆ ಇದನ್ನು ಜನರ ಸಂಖ್ಯೆಯೆಂದು ಓದಬಾರದು. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ, ಕೊಡಗಿನದು ಐದೂವರೆ ಲಕ್ಷ. ಒಂದು ದಿನದೊಳಗೆ 1.8 ಕೋಟಿ ಎಂದರೆ ಮೂರರಲ್ಲಿ ಒಬ್ಬ ಕನ್ನಡಿಗ ನೋಡಿದನೆಂದಲ್ಲ. ನೋಡಿದವರು ಮತ್ತೆ ಮತ್ತೆ ನೋಡಿದ್ದಾರೆ ಎಂದೂ ಹೌದು. ಬೇಕರಿಯ ಹುಡುಗರಂತೆ ಹಿಂದಕ್ಕೂ ಮುಂದಕ್ಕೂ ಎಳೆದು ನೋಡುವ ಅಭಿಮಾನಿ ಒಬ್ಬನೇ ಅನೇಕ ವೀಕ್ಷಣೆಗಳನ್ನು ಕೂಡಿಸುತ್ತಾನೆ. ಇತ್ತ ನೆಟ್‌ವರ್ಕ್ ಸಿಗದ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಒಬ್ಬರ ಫೋನಿಗೆ ಇಳಿಸಿಕೊಂಡದ್ದನ್ನು ಹತ್ತು ಮಂದಿ ಸುತ್ತ ನಿಂತು ನೋಡಿದರೆ ಅದು ಲೆಕ್ಕಕ್ಕೆ ಒಂದೇ.

ಇದರ ಮೇಲೆ ಹಣ ಕೊಟ್ಟು ಪಡೆದ ವೀಕ್ಷಣೆಯ ಪ್ರಶ್ನೆಯಿದೆ. ಯೂಟ್ಯೂಬ್‌ನಲ್ಲಿ ಬೇರೆ ವೀಡಿಯೊ ಶುರುವಾಗುವ ಮೊದಲು ಜಾಹೀರಾತಾಗಿ ಬರುವ ಟ್ರೇಲರನ್ನು 30 ಸೆಕೆಂಡು ನೋಡಿದರೆ ಅದೂ ವೀಕ್ಷಣೆಯ ಲೆಕ್ಕಕ್ಕೆ ಸೇರುತ್ತದೆ. ಮೊದಲ 24 ಗಂಟೆಯ ದಾಖಲೆಗಳಿಗಾಗಿ ಇಂಥ ಜಾಹೀರಾತು ವೀಕ್ಷಣೆಗಳನ್ನು ಕೊಳ್ಳುವ ಪೈಪೋಟಿ ಹಾಡುಗಳ ವಿಷಯದಲ್ಲಿ ಎಷ್ಟು ಹೆಚ್ಚಿತೆಂದರೆ, 2019ರ ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ತನ್ನ ಸಂಗೀತ ದಾಖಲೆಗಳಿಂದ ಅವುಗಳನ್ನು ಕೈಬಿಟ್ಟಿತು. 2021ರ ನವೆಂಬರ್‌ನಿಂದ ಇಷ್ಟವಾಗಲಿಲ್ಲವೆಂದು ಒತ್ತಿದವರ ಸಂಖ್ಯೆಯನ್ನು ಸಾರ್ವಜನಿಕರಿಗೆ ತೋರಿಸುವುದನ್ನೂ ಅದು ನಿಲ್ಲಿಸಿದೆ. ಹಾಗಾಗಿ ಇಂದು ನಮ್ಮ ಕಣ್ಣಿಗೆ ಬೀಳುವ ಅಂಕಿಗಳಲ್ಲಿ ಮೆಚ್ಚುಗೆ ಮಾತ್ರ ಕಾಣುತ್ತದೆ, ಅಸಮಾಧಾನ ಕಾಣುವುದಿಲ್ಲ. ಟ್ರೇಲರ್ ಎಷ್ಟು ಜನರ ಕಿವಿಗೆ ಬಿದ್ದಿತೆಂಬುದಕ್ಕೆ ಅಂಕಿ ಒಂದು ಅಂದಾಜು ಕೊಟ್ಟೀತು. ಚಿತ್ರ ಹೇಗಿದೆಯೆಂಬುದಕ್ಕೆ ಅದು ಉತ್ತರವೇ ಅಲ್ಲ.

ಕೆಲವು ಪ್ರತಿಕ್ರಿಯೆಗಳಿಗೆ ಟ್ರೇಲರ್ ನೆಪ ಮಾತ್ರ. ‘ಬಾಹುಬಲಿ’ಯ ಎರಡನೇ ಭಾಗದ ಬಿಡುಗಡೆಯ ಹೊತ್ತಿಗೆ, ಕಟ್ಟಪ್ಪನ ಪಾತ್ರಧಾರಿ ಸತ್ಯರಾಜ್ ನೀರಿನ ವಿವಾದದ ಸಂದರ್ಭದಲ್ಲಿ 2008ರಲ್ಲಿ ಆಡಿದ್ದ ಮಾತುಗಳನ್ನು ನೆನಪಿಸಿ ಕನ್ನಡಪರ ಸಂಘಟನೆಗಳು ವಿರೋಧಿಸಿದವು, ಬಿಡುಗಡೆಗೆ ಒಂದು ವಾರ ಇರುವಾಗ ಅವರು ವಿಷಾದ ವ್ಯಕ್ತಪಡಿಸಿದರು. ಕಾವೇರಿ ಹುಟ್ಟುವ ನಾಡಿನಲ್ಲಿ ಇರುವವರಿಗೆ ಆ ಕೋಪದ ಮೂಲ ಅರ್ಥವಾಗದೇನಲ್ಲ, ಆದರೆ ಅದು ಚಿತ್ರದ ಬಗೆಗಿನ ಮಾತಾಗಿರಲಿಲ್ಲ. ಮೆಚ್ಚುಗೆಯೂ ಹಾಗೆಯೇ ಹೊರಗಿನಿಂದ ಬರಬಹುದು: 2024ರ ನವೆಂಬರ್ 17ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ‘ಪುಷ್ಪ’ ಎರಡನೇ ಭಾಗದ ಟ್ರೇಲರ್ ಬಿಡುಗಡೆಯಾದಾಗ, ಅದರಲ್ಲಿ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಇದ್ದಾರೆಂಬುದೇ ನಮ್ಮೂರಿನ ಕೆಲವರಿಗೆ ನೋಡಲು ಸಾಕಷ್ಟು ಕಾರಣ. ಇನ್ನು ಸರ್ಕಾರದ ಪ್ರತಿಕ್ರಿಯೆಯೂ ಬಂದದ್ದುಂಟು. 2021ರ ಜನವರಿ 8ಕ್ಕೆಂದು ಸಿದ್ಧವಾಗಿದ್ದ ‘ಕೆಜಿಎಫ್’ ಎರಡನೇ ಅಧ್ಯಾಯದ ಟೀಸರ್ ಸೋರಿಕೆಯಾದ್ದರಿಂದ ಹಿಂದಿನ ರಾತ್ರಿಯೇ ಬಿಡಬೇಕಾಯಿತು. ಕೆಂಪಗೆ ಕಾದ ಬಂದೂಕಿನ ನಳಿಗೆಯಿಂದ ನಾಯಕ ಸಿಗರೇಟು ಹಚ್ಚುವ ಅದರ ದೃಶ್ಯಕ್ಕೆ ಅಭಿಮಾನಿಗಳು ಶಿಳ್ಳೆ ಹೊಡೆದರೆ, ರಾಜ್ಯದ ತಂಬಾಕು ನಿಯಂತ್ರಣ ಘಟಕ ಅದನ್ನು ತೆಗೆಯುವಂತೆ ಪತ್ರ ಬರೆಯಿತು.

ಅಭಿಮಾನಿಗಳ ಮಾತಿನಿಂದ ಚಿತ್ರ ಬದಲಾಗುತ್ತದೆಯೇ? ಅಪರೂಪಕ್ಕೆ ಆಗುತ್ತದೆ. ವೀಡಿಯೊ ಆಟದ ಪಾತ್ರವಾದ ಸೋನಿಕ್ ಎಂಬ ಮುಳ್ಳುಹಂದಿಯ ಚಿತ್ರದ ಟ್ರೇಲರ್ 2019ರ ಏಪ್ರಿಲ್ 30ರಂದು ಬಂದಾಗ, ಅದರ ಬಾಯಲ್ಲಿ ಮನುಷ್ಯರ ಹಲ್ಲುಗಳನ್ನು ಕಂಡು ಆಟದ ಅಭಿಮಾನಿಗಳು ಕೆರಳಿದರು. ಎರಡೇ ದಿನದಲ್ಲಿ ನಿರ್ದೇಶಕರು ರೂಪವನ್ನು ಬದಲಿಸುವುದಾಗಿ ಹೇಳಿದರು. ಬಿಡುಗಡೆ ಆ ವರ್ಷದ ನವೆಂಬರ್‌ನಿಂದ 2020ರ ಫೆಬ್ರುವರಿಗೆ ಹೋಯಿತು, ಚಿತ್ರ ಗೆದ್ದು ಮುಂದಿನ ಭಾಗಗಳೂ ಬಂದವು. ನಮ್ಮಲ್ಲಿ ‘ಆದಿಪುರುಷ್’ ಚಿತ್ರದ ಟೀಸರ್ 2022ರ ಅಕ್ಟೋಬರ್‌ನಲ್ಲಿ ಬಂದಾಗ ಗ್ರಾಫಿಕ್ಸ್ ಬಗ್ಗೆ ದೊಡ್ಡ ಟೀಕೆ ಎದ್ದು, 2023ರ ಜನವರಿಗೆ ನಿಗದಿಯಾಗಿದ್ದ ಚಿತ್ರ ಜೂನ್‌ಗೆ ಸರಿಯಿತು. ಆದರೆ ಟೀಕೆ ಚಿತ್ರ ಬಂದ ಮೇಲೂ ನಿಲ್ಲಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ತಿಳಿವಳಿಕೆ ಕೊಡುವಂಥದ್ದು. ಸೋನಿಕ್ ವಿಷಯದಲ್ಲಿ ಜನ ಬೆರಳಿಟ್ಟು ತೋರಿಸಿದ ದೋಷ ಒಂದು ಪಾತ್ರದ ರೂಪದಲ್ಲಿತ್ತು, ಹೊಂದಿಸಿ ನೋಡಲು ಅಭಿಮಾನಿಗಳ ಕೈಯಲ್ಲಿ ಹಳೆಯ ಆಟದ ಚಿತ್ರವೇ ಇತ್ತು; ಸರಿಪಡಿಸಲು ಏನು ಮಾಡಬೇಕೆಂಬುದು ಸ್ಪಷ್ಟವಿತ್ತು. ಇಡೀ ಚಿತ್ರದ ಕಲ್ಪನೆಯ ಬಗೆಗೇ ಅಸಮಾಧಾನವಿದ್ದಾಗ ಕೆಲವು ತಿಂಗಳ ಕಂಪ್ಯೂಟರ್ ಕೆಲಸದಿಂದ ಅದನ್ನು ನೀಗಿಸಲಾಗುವುದಿಲ್ಲ. ಅನಂತ್ ನಾಗ್ ದನಿ ಬೇಕೆಂಬ ಕೋರಿಕೆಗೂ ಇದೇ ಗತಿ. ಟ್ರೇಲರ್ ಬರುವ ಹೊತ್ತಿಗೆ ಚಿತ್ರೀಕರಣ ಮುಗಿದಿರುತ್ತದೆ.

ಟ್ರೇಲರಿನಲ್ಲಿ ತೋರಿಸಿದ್ದು ಚಿತ್ರದಲ್ಲಿ ಇಲ್ಲದಿದ್ದರೆ ಹಣ ವಾಪಸ್ ಕೇಳಬಹುದೇ ಎಂಬ ಪ್ರಶ್ನೆಯನ್ನೂ ಜನ ಕೇಳುತ್ತಾರೆ, ಮೈಸೂರಿನ ದೊಡ್ಡ ಪರದೆಯಲ್ಲಿ ನೋಡಬೇಕೆಂದು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ಹೋಗಿ ಬರುವ ನಮ್ಮವರಿಗೆ ಅದು ನಿಜವಾದ ಪ್ರಶ್ನೆಯೇ. 2016ರ ಹಿಂದಿ ಚಿತ್ರ ‘ಫ್ಯಾನ್’ನ ಪ್ರಚಾರದಲ್ಲಿ ಮೆರೆದ ಹಾಡು ಚಿತ್ರದಲ್ಲಿ ಇರಲಿಲ್ಲವೆಂದು ಮಹಾರಾಷ್ಟ್ರದ ಶಿಕ್ಷಕಿಯೊಬ್ಬರು ಗ್ರಾಹಕ ನ್ಯಾಯಾಲಯಕ್ಕೆ ಹೋದರು. ರಾಜ್ಯ ಗ್ರಾಹಕ ಆಯೋಗ 10,000 ರೂಪಾಯಿ ಪರಿಹಾರ ಮತ್ತು 5,000 ರೂಪಾಯಿ ವೆಚ್ಚ ಕೊಡಿಸಿತು, ರಾಷ್ಟ್ರೀಯ ಆಯೋಗ ಅದನ್ನು ಎತ್ತಿಹಿಡಿಯಿತು. ಆದರೆ 2024ರ ಏಪ್ರಿಲ್ 22ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಅರವಿಂದ ಕುಮಾರ್ ಅವರ ಪೀಠ ಆ ಆದೇಶವನ್ನು ರದ್ದುಗೊಳಿಸಿತು. ಪ್ರಚಾರದ ಟ್ರೇಲರ್ ಏಕಪಕ್ಷೀಯವಾದದ್ದು, ಟಿಕೆಟು ಕೊಳ್ಳುವವನೊಂದಿಗೆ ಅದು ಒಪ್ಪಂದದ ಪ್ರಸ್ತಾಪವನ್ನಾಗಲಿ ವಾಗ್ದಾನವನ್ನಾಗಲಿ ಮಾಡುವುದಿಲ್ಲ, ಆದ್ದರಿಂದ ಅದರಲ್ಲಿದ್ದದ್ದು ಚಿತ್ರದಲ್ಲಿ ಇಲ್ಲದಿದ್ದರೆ ಅದು ಸೇವಾಲೋಪವಾಗುವುದಿಲ್ಲ ಎಂಬುದು ತೀರ್ಪಿನ ಸಾರ. ಅಮೆರಿಕದಲ್ಲಿ 2022ರಲ್ಲಿ, ಟ್ರೇಲರಿನಲ್ಲಿ ಕಂಡ ನಟಿ ಚಿತ್ರದಲ್ಲಿ ಇಲ್ಲವೆಂದು ಇಬ್ಬರು ನೋಡುಗರು ಹೂಡಿದ ಮೊಕದ್ದಮೆಯಲ್ಲಿ, ಟ್ರೇಲರಿಗೂ ಸುಳ್ಳು ಜಾಹೀರಾತಿನ ಕಾನೂನು ಅನ್ವಯಿಸಬಹುದೆಂದು ನ್ಯಾಯಾಧೀಶರು ಹೇಳಿದ್ದರು. ಆ ಮೊಕದ್ದಮೆಯೂ ಕೊನೆಗೆ ಬೇರೆ ಕಾರಣಕ್ಕೆ ವಜಾ ಆಯಿತು.

ಟ್ರೇಲರಿಗಿಂತ ಗಟ್ಟಿಯಾದ ಮಾಹಿತಿ ಬೇಕಾದವರು, ಮುಖ್ಯವಾಗಿ ಮಕ್ಕಳನ್ನು ಕರೆದೊಯ್ಯುವವರು, ಪ್ರಮಾಣಪತ್ರವನ್ನು ನೋಡುವುದು ಒಳ್ಳೆಯದು. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು, ಫೋನಿನಲ್ಲಿ ಬರುವುದಕ್ಕೆ ಬೇಡ. ಹಾಗಾಗಿ ಫೋನಿನಲ್ಲಿ ಕಂಡ ರಕ್ತಪಾತ ಚಿತ್ರಮಂದಿರದ ಪ್ರತಿಯಲ್ಲಿ ಕಡಿಮೆಯಾಗಿರಬಹುದು. 2023ರ ಕಾನೂನು ತಿದ್ದುಪಡಿಯ ನಂತರ ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯುಎ ವರ್ಗವನ್ನು 7, 13 ಮತ್ತು 16 ವರ್ಷ ದಾಟಿದವರಿಗೆಂದು ಮೂರಾಗಿ ವಿಂಗಡಿಸಲಾಗಿದೆ. ಬಿಡುಗಡೆಯ ವಾರದಲ್ಲಿ ಪೋಸ್ಟರಿನ ಮೂಲೆಯಲ್ಲೂ, ಟಿಕೆಟು ಕಾದಿರಿಸುವ ಆ್ಯಪ್‌ನಲ್ಲೂ ಆ ಅಂಕಿ ಇರುತ್ತದೆ, ಪಕ್ಕದಲ್ಲಿ ಚಿತ್ರದ ಅವಧಿಯೂ ಇರುತ್ತದೆ.